ಗೋಕರ್ಣದ ಹತ್ತಿರ ರೆಸಾರ್ಟ್ ಮಾಡುವ ಪ್ರೈವೇಟ್ ಈಕ್ವಿಟಿ ಕಂಪನಿಗೆ 5 ಲಕ್ಷ ಹಾಕಬಹುದಾ?

ಕುಮಟಾದ ಹೋಟೆಲಲ್ಲಿ ಸಭೆ ಕರೆದು ಊಟ ಹಾಕಿ, "ನಾವು ಪ್ರೈವೇಟ್ ಈಕ್ವಿಟಿ ರಿಯಲ್ ಎಸ್ಟೇಟ್ ಕಂಪನಿ, ಗೋಕರ್ಣದಲ್ಲಿ ರೆಸಾರ್ಟ್ ಮಾಡ್ತೇವೆ, 5 ಲಕ್ಷ ಹಾಕಿದರೆ ವರ್ಷಕ್ಕೆ 18% ಗ್ಯಾರಂಟಿ" ಅಂದರು ಅಂತ ಬರೆದಿದ್ದೀರಿ. ಹಾಕಬೇಡಿ. ನಾನು ಶಿರಸಿಯವನು, ಬೆಂಗಳೂರಲ್ಲಿ ಪ್ರೈವೇಟ್ ಈಕ್ವಿಟಿ ಫಂಡುಗಳ (ದೊಡ್ಡ ಹೂಡಿಕೆದಾರರ ದುಡ್ಡು ಒಟ್ಟು ಮಾಡಿ ಹೂಡುವವು) ಲೆಕ್ಕಪತ್ರ ನೋಡುವ ಕೆಲಸ. ನಿಜವಾದ ಪ್ರೈವೇಟ್ ಈಕ್ವಿಟಿಯವರು ಅಡಿಕೆ ಮಾರಿದ 5 ಲಕ್ಷಕ್ಕಾಗಿ ಕುಮಟಾಕ್ಕೆ ಬರುವುದಿಲ್ಲ.

ಇಂಥ ಫಂಡು ಸೆಬಿಯ (ಶೇರು ಪೇಟೆಯ ನಿಯಂತ್ರಕ) 2012ರ ಎಐಎಫ್ (ಪರ್ಯಾಯ ಹೂಡಿಕೆ ನಿಧಿ) ನಿಯಮದಡಿ ನೋಂದಣಿ ಆಗಿರಬೇಕು. ರಿಯಲ್ ಎಸ್ಟೇಟ್ ಫಂಡು ಸಾಮಾನ್ಯವಾಗಿ ಕೆಟಗರಿ 2ರಲ್ಲಿ ಬರುತ್ತದೆ. ನಮ್ಮ ನಿಮ್ಮಂಥವರು ಸೇರಬೇಕಂದ್ರೆ ಕನಿಷ್ಠ 1 ಕೋಟಿ ಹಾಕಬೇಕು, ಒಂದು ಸ್ಕೀಮಿಗೆ 1000 ಜನಕ್ಕಿಂತ ಜಾಸ್ತಿ ಸೇರಿಸುವ ಹಾಗಿಲ್ಲ, ಊರವರನ್ನೆಲ್ಲ ಕರೆದು ದುಡ್ಡು ಎತ್ತುವ ಹಾಗೂ ಇಲ್ಲ. ಫಂಡು ನಡೆಸುವವರ ಕೈ ದುಡ್ಡೂ ಅದರಲ್ಲಿ ಇರಬೇಕು: ಒಟ್ಟು ಮೊತ್ತದ 2.5% ಅಥವಾ 5 ಕೋಟಿ, ಯಾವುದು ಕಡಿಮೆಯೋ ಅದು.

ಅವರ ವ್ಯವಹಾರ ಹೀಗೆ. ಹೂಡಿಕೆದಾರರು ಇಷ್ಟು ಕೊಡುತ್ತೇವೆ ಅಂತ ಬರೆದುಕೊಡುತ್ತಾರೆ, ಜಾಗವೋ ಆಫೀಸ್ ಕಟ್ಟಡವೋ ಗೋದಾಮೋ ಸಿಕ್ಕ ಹಾಗೆ ಫಂಡಿನವರು ಕಂತಿನಲ್ಲಿ ತರಿಸಿಕೊಳ್ಳುತ್ತಾರೆ, ಎಷ್ಟೋ ಸಲ ಬಿಲ್ಡರಿಗೇ ಅಡಮಾನದ ಮೇಲೆ ಡಿಬೆಂಚರ್ (ಸಾಲಪತ್ರ) ಮೂಲಕ ಸಾಲ ಕೊಡುತ್ತಾರೆ, ಕೆಲವು ವರ್ಷ ಬಿಟ್ಟು ಮಾರಿ ಹಂಚುತ್ತಾರೆ. ನಡುವೆ ಮಗಳ ಮದುವೆ ಬಂತು, ದುಡ್ಡು ಕೊಡಿ ಅಂದರೆ ಕೊಡಲ್ಲ. ಅವಧಿ ಕನಿಷ್ಠ 3 ವರ್ಷ, ಮೊತ್ತದ ಲೆಕ್ಕದಲ್ಲಿ ಮೂರನೇ ಎರಡು ಪಾಲಿನವರು ಒಪ್ಪಿದರೆ ಇನ್ನೂ 2 ವರ್ಷ ಎಳೆಯಬಹುದು.

ಹಂಚುವಾಗಲೇ ಇರುವುದು ಮಜಾ. (ನಿಮಗೆ ಸದ್ಯಕ್ಕೆ ಬೇಕಾಗಿಲ್ಲ, ಆದ್ರೂ ಕೇಳಿ.) 1 ಕೋಟಿ ಹಾಕಿದ್ದು 5 ವರ್ಷಕ್ಕೆ 1.80 ಕೋಟಿ ಆಯಿತು ಅನ್ನಿ. ಸಾಮಾನ್ಯ ಕರಾರಿನಲ್ಲಿ ಮೊದಲು ಅಸಲು ವಾಪಸ್, ಆಮೇಲೆ ಅದರ ಮೇಲೆ ವರ್ಷಕ್ಕೆ 8% ಚಕ್ರಬಡ್ಡಿ, ಅಂದರೆ ಸುಮಾರು 47 ಲಕ್ಷ, ಹೂಡಿದವರಿಗೆ. ಉಳಿದ 33 ಲಕ್ಷದಲ್ಲಿ 20% ಮ್ಯಾನೇಜರಿಗೆ, ಹತ್ತಿರ ಹತ್ತಿರ 6.6 ಲಕ್ಷ. ಆದರೆ ಕರಾರಿನಲ್ಲಿ ಪೂರ್ತಿ ಕ್ಯಾಚ್ ಅಪ್ (8% ಕೊಟ್ಟ ಮೇಲೆ, ಇಡೀ ಲಾಭದಲ್ಲಿ ತನ್ನ 20% ಆಗುವವರೆಗೆ ಮ್ಯಾನೇಜರೇ ತೆಗೆದುಕೊಳ್ಳುವುದು) ಅಂತ ಒಂದು ಸಾಲು ಇದ್ದರೆ ಅವರ ಪಾಲು ಇಡೀ 80 ಲಕ್ಷ ಲಾಭದ 20%, ಅಂದರೆ 16 ಲಕ್ಷ. ಒಂದೇ ಸಾಲಿಗೆ 9 ಲಕ್ಷದ ಮೇಲೆ ವ್ಯತ್ಯಾಸ! ವರ್ಷ ವರ್ಷದ ಫೀಸು ಬೇರೆ. ಇಷ್ಟೆಲ್ಲದರಲ್ಲಿ ಗ್ಯಾರಂಟಿ ಎಲ್ಲಿಂದ ಬಂತು ಹೇಳಿ. ಜಾಗ ಮಾರಿ ಹೋಗದಿದ್ದರೆ 8% ಕೂಡ ಇಲ್ಲ, ಅಸಲಿಗೂ ಪೆಟ್ಟು ಬೀಳಬಹುದು.

ಇನ್ನು ಆ ಜಾಗದ ವಿಷಯ. ಬಣ್ಣದ ನಕ್ಷೆ ಬೇಡ, ಸರ್ವೆ ನಂಬರ್ ಕೇಳಿ. ಪಹಣಿ ತೆಗೆಸಿ 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಸಾಲದ ಬೋಜಾ ಇದೆಯಾ ನೋಡಿ. ನಮ್ಮ ಜಿಲ್ಲೆಯಲ್ಲಿ ಮಾಲ್ಕಿ (ಸ್ವಂತ ಒಡೆತನದ್ದು) ಯಾವುದು, ಸೊಪ್ಪಿನ ಬೆಟ್ಟ ಯಾವುದು, ಅರಣ್ಯ ಯಾವುದು ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ? ತೋಟಕ್ಕೆ ಸೊಪ್ಪು ತರಲು ಬಿಟ್ಟ ಸರಕಾರಿ ಬೆಟ್ಟ ತೋರಿಸಿ ರೆಸಾರ್ಟ್ ಅಂದರೆ ಅಲ್ಲಿಗೇ ಎದ್ದು ಬನ್ನಿ. ಸಮುದ್ರದ ಬದಿ ಆದರೆ ಸಿಆರ್‌ಝಡ್ (ಕರಾವಳಿಯಲ್ಲಿ ಕಟ್ಟಡಕ್ಕೆ ಮಿತಿ ಹಾಕುವ ನಿಯಮ) ಇದೆ. ಭೂ ಸುಧಾರಣಾ ಕಾಯ್ದೆಗೆ 2020ರ ತಿದ್ದುಪಡಿ ಆದಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು, ಅದನ್ನೇ ಇವರು ದೊಡ್ಡದಾಗಿ ಹೇಳಿರುತ್ತಾರೆ, ಕೊಂಡ ಮೇಲೂ ಎನ್‌ಎ (ಕೃಷಿಯೇತರ ಬಳಕೆಗೆ ಪರಿವರ್ತನೆ) ಆಗಬೇಕು ಅನ್ನುವುದನ್ನು ಸುಮ್ನೆ ನುಂಗಿರುತ್ತಾರೆ.

ಜಮೀನಿನ ಹೆಸರಲ್ಲಿ ಸಣ್ಣ ಸಣ್ಣ ಮೊತ್ತ ಎತ್ತುವುದು ಹೊಸದೇನಲ್ಲ. ಕೃಷಿ ಭೂಮಿ ಕೊಡುತ್ತೇವೆ ಅಂತ ಪಿಎಸಿಎಲ್ ಅನ್ನುವ ಕಂಪನಿ ದೇಶದ ತುಂಬ ಎತ್ತಿದ್ದು 49,100 ಕೋಟಿ. ವಾಪಸ್ ಕೊಡಿ ಅಂತ ಸೆಬಿ ಆದೇಶ ಮಾಡಿದ್ದು 2014ರಲ್ಲಿ.

ಕಟ್ಟಡದ ಬಾಡಿಗೆಯಲ್ಲಿ ಪಾಲು ಬೇಕೇ ಬೇಕು ಅಂದರೆ ಶೇರು ಪೇಟೆಯಲ್ಲಿ ರೀಟ್ (ಬಾಡಿಗೆ ಬರುವ ಕಟ್ಟಡಗಳಲ್ಲಿ ಹೂಡುವ ಟ್ರಸ್ಟ್) ಇದೆ. ಎಂಬೆಸಿಯದ್ದು 2019ರಲ್ಲಿ ಬಂದ ಮೊದಲನೆಯದು. ಒಂದೇ ಯೂನಿಟ್ ಕೂಡ ಕೊಳ್ಳಬಹುದು, ಬೇಡವಾದ ದಿನ ಮಾರಬಹುದು. ಅದರ ಬೆಲೆಯೂ ಏರಿಳಿಯುತ್ತದೆ, 18% ಅಂತ ಯಾರೂ ಹೇಳಲ್ಲ.

ಸಭೆಯವರು ಮತ್ತೆ ಫೋನ್ ಮಾಡಿದರೆ ಎಐಎಫ್ ನೋಂದಣಿ ನಂಬರ್ ಕೇಳಿ, ಸೆಬಿ ಸೈಟಿನ ಪಟ್ಟಿಯಲ್ಲಿ ಹುಡುಕಿ. ಪ್ರೈವೇಟ್ ಲಿಮಿಟೆಡ್ ಸರ್ಟಿಫಿಕೇಟ್ ಕಳಿಸಿದರೆ ಅದು ಬೇರೆ, ಅದನ್ನು ಯಾರು ಬೇಕಾದರೂ ಮಾಡಿಸಬಹುದು. ಮುಂಗಡ ಅಂತ ಈಗಾಗಲೇ ಏನಾದರೂ ಕೊಟ್ಟಿದ್ದೀರಾ? ಕೊಟ್ಟಿದ್ದರೆ ರಸೀದಿ, ಬ್ಯಾಂಕ್ ಎಂಟ್ರಿ, ವಾಟ್ಸಾಪ್ ಮೆಸೇಜು ಯಾವುದನ್ನೂ ಅಳಿಸಬೇಡಿ, ಎಷ್ಟು ಕೊಟ್ಟಿರಿ ಅಂತ ಇಲ್ಲೇ ಬರೆಯಿರಿ, ಮುಂದೆ ಏನು ಮಾಡಬಹುದು ನೋಡೋಣ.