ಎಲ್‌ಐಜಿ ಮನೆಯ ಬಾಗಿಲ ಹಿಂದೆ

ಪತ್ರ: ನಾನು ಕಲಬುರಗಿಯ ಹೌಸಿಂಗ್ ಬೋರ್ಡ್ ಕಾಲೋನಿಯೊಂದರಲ್ಲಿ ಬೆಳೆದವಳು. ಎರಡು ವರ್ಷದಿಂದ ನಮ್ಮ ಓಣಿಯ ಮನೆಗಳ ಫೋಟೊ ತೆಗೆಯುತ್ತಿದ್ದೇನೆ. ಇನ್ನೂರು ದಾಟಿವೆ. ಹನ್ನೆರಡು ಇಲ್ಲಿ ಲಗತ್ತಿಸಿದ್ದೇನೆ. ನಮ್ಮ ಕಾಕಾ ಬೈಯುತ್ತಾರೆ: "ಕ್ವಾಟಿ ಅದ, ಗುಮ್ಮಟ ಅದ, ಅದು ಬಿಟ್ಟು ಮಂದಿ ಮನಿ ನಳದ ಫೋಟೊ ತೆಗೀತಿಯಲ್ಲ!" ಬಡವರ ಮನೆ ತೋರಿಸಿ ಹೆಸರು ಮಾಡುವುದು ಸರಿಯಲ್ಲ ಅಂತಲೂ ಕೆಲವರು ಹೇಳಿದರು. ಮುಂದುವರಿಸಲಾ, ಬಿಡಲಾ?
– ಓದುಗರೊಬ್ಬರು, ಕಲಬುರಗಿ

ಬಿಡಬೇಡಿ ತಂಗಿ.

ಮೊದಲು ನಿಮ್ಮ ಕಾಕಾ ಅವರ ಪಾಲು ಕೊಟ್ಟುಬಿಡೋಣ. ಕೋಟೆ ನಮ್ಮ ಹೆಮ್ಮೆಯೇ. ಒಳಗಿನ ಜಾಮಿಯಾ ಮಸೀದಿ 1367ರದ್ದು. ಅಂಗಳಕ್ಕೂ ಚಾವಣಿ ಹೊದಿಸಿದ ಅಂಥ ಹಳೆಯ ಮಸೀದಿ ನಮ್ಮ ದೇಶದಲ್ಲಿ ಅಪರೂಪ. ಬಡತನದ ತಮಾಷೆ ಮಾಡಬಾರದು ಅನ್ನುವುದೂ ಖರೆ. ಕೇಳಿ ತೆಗೆಯಿರಿ. ಬೇಡ ಅಂದರೆ ಚಹಾ ಕುಡಿದು ಎದ್ದು ಬನ್ನಿ. ಆಯಿತು, ಇನ್ನು ನನ್ನ ಮಾತು.

ಆ ಮಸೀದಿಗೆ ಕಲ್ಲು ಹೊತ್ತವನು ಎಲ್ಲಿ ಮಲಗುತ್ತಿದ್ದ? ಬೇಸಿಗೆಯಲ್ಲಿ ಅವನ ಹೆಂಡತಿ ನೀರು ಎಲ್ಲಿಂದ ತಂದಳು? ಸುಲ್ತಾನರ ಹೆಸರು ಮಕ್ಕಳಿಗೂ ಬಾಯಿಪಾಠ. ಇವರದ್ದು ಯಾರೂ ಬರೆದಿಡಲಿಲ್ಲ.

ಹೌಸಿಂಗ್ ಬೋರ್ಡ್ ಮನೆಗಳ ಮಜಾ ಇರುವುದೇ ಎಲ್ಲ ಒಂದೇ ನಮೂನೆ ಇರುವುದರಲ್ಲಿ. ನಮ್ಮ ಗೃಹಮಂಡಳಿಯ ಕಾಯ್ದೆ 1962ರದ್ದು. ಆದಾಯ ನೋಡಿ, ಕಡಿಮೆಯವರಿಗೆ ಎಲ್‌ಐಜಿ, ಮಧ್ಯಮದವರಿಗೆ ಎಂಐಜಿ, ಹೆಚ್ಚಿನವರಿಗೆ ಎಚ್‌ಐಜಿ ಅಂತ ಮನೆ ಹಂಚಿದರು. ಆ ಅಕ್ಷರ ಮನೆ ನಂಬರಾಯಿತು, ಆಮೇಲೆ ಮನುಷ್ಯರ ಹೆಸರೇ ಆಯಿತು. ನಮ್ಮ ಓಣಿಯಲ್ಲಿ 'ಎಲ್‌ಐಜಿ ನಲವತ್ತರ ಅವ್ವ' ಅಂದರೆ ಪೋಸ್ಟ್‌ಮ್ಯಾನ್‌ಗೂ ಗೊತ್ತಿತ್ತು. ನೂರು ಮನೆಗೆ ಒಂದೇ ನಕ್ಷೆ. ಹತ್ತು ವರ್ಷ ಬಿಟ್ಟು ಹೋಗಿ ನೋಡಿ. ಒಬ್ಬರು ಅಂಗಳಕ್ಕೆ ಪತ್ರಾ ಹಾಕಿ ಕಿರಾಣಿ ಅಂಗಡಿ ಮಾಡಿದ್ದಾರೆ. ಇನ್ನೊಬ್ಬರು ಹೊರಗಿನಿಂದ ಮೆಟ್ಟಿಲು ಏರಿಸಿ ಮೇಲೊಂದು ಕೋಣೆ ಬಾಡಿಗೆಗೆ ಬಿಟ್ಟಿದ್ದಾರೆ. ಮತ್ತೊಬ್ಬರು ಕೂಲರ್ ಕೂರಿಸಲು ಕಿಟಕಿಯ ಸರಳನ್ನೇ ಕತ್ತರಿಸಿದ್ದಾರೆ. ಸರಕಾರ ಕೊಟ್ಟದ್ದು ಎಲ್ಲರಿಗೂ ಒಂದೇ. ಉಳಿದದ್ದೆಲ್ಲ ಅವರವರ ಕೈಬರಹ, ಅಲ್ವಾ?

ನಾನೂ ಅಂಥದೇ ಮನೆಯವನು. ಶಹಾಬಾದ್ ಫರಸಿಯ ನೆಲ. ಏಪ್ರಿಲ್ ಸಂಜೆ ಮಾಳಿಗೆಗೆ ನಾಲ್ಕು ಕೊಡ ನೀರು ಚೆಲ್ಲಿದರೆ ಬುಸ್ಸಂತ ಆವಿ ಏಳುತ್ತಿತ್ತು. ರಾತ್ರಿ ಅಲ್ಲೇ ಹಾಸಿಗೆ. ಅಡುಗೆಮನೆಯ ಬಾಗಿಲ ಹಿಂದಿನ ಗೋಡೆ ನಮ್ಮವ್ವನ ವಹಿ. ಪೆನ್ಸಿಲಿನಲ್ಲಿ ಹಾಲಿನ ಲೆಕ್ಕ ಬರೆಯುತ್ತಿದ್ದಳು. ಅರ್ಧ ಲೀಟರಿಗೆ ಒಂದು ಗೀಟು, ಹಾಲಿನವ ಬರದ ದಿನ ಸೊನ್ನೆ. ಪಕ್ಕದಲ್ಲಿ ಸಿಲಿಂಡರ್ ಹಚ್ಚಿದ ತಾರೀಖು. ಕೆಳಗೆ ನಮ್ಮ ಎತ್ತರದ ಗುರುತು. ಒಂದು ದೀಪಾವಳಿಗೆ ತಂಗಿ ನನ್ನ ಗೀಟು ದಾಟಿದಳು ಅಂತ ನಾನು ಊಟ ಬಿಟ್ಟಿದ್ದೆ. ಅಣ್ಣನ ಮದುವೆ ಬಂತು, ಸುಣ್ಣ ಹೊಡೆದೆವು. ಬ್ರಷ್ ಹಿಡಿದವನು ನಾನೇ. ಹನ್ನೊಂದು ವರ್ಷ ಒಂದೇ ಮಧ್ಯಾಹ್ನದಲ್ಲಿ ಬೆಳ್ಳಗಾಯಿತು. ಆ ಗೋಡೆಯ ಒಂದು ಫೋಟೊ ಇಲ್ಲ. ಮದುವೆ ಆಲ್ಬಮ್ ಮಾತ್ರ ಮೂರಿವೆ.

ಬೇರೆ ಕಡೆ ಇದನ್ನು ಹುಚ್ಚು ಅನ್ನುವುದಿಲ್ಲ. ಹಾಂಗ್‌ಕಾಂಗ್‌ನಲ್ಲಿ 1953ರ ಕ್ರಿಸ್‌ಮಸ್ ರಾತ್ರಿ ಗುಡಿಸಲುಗಳಿಗೆ ಬೆಂಕಿ ಬಿದ್ದು 50 ಸಾವಿರಕ್ಕೂ ಹೆಚ್ಚು ಮಂದಿ ಮನೆ ಕಳೆದುಕೊಂಡರು. ಅವರಿಗಾಗಿ ಸರಕಾರ ಕಟ್ಟಿದ ಬ್ಲಾಕುಗಳಲ್ಲಿ ಒಂದನ್ನು ಕೆಡವದೆ ಉಳಿಸಿ, ಅಂದಿನ ಸಂಸಾರದ ಕೋಣೆಗಳನ್ನು ಒಳಗೆ ಹಾಗೇ ಜೋಡಿಸಿಟ್ಟಿದ್ದಾರೆ. ಅಷ್ಟು ದೂರ ಯಾಕೆ, ಪಕ್ಕದ ಬಸವಕಲ್ಯಾಣಕ್ಕೇ ಬನ್ನಿ. ಗಂಡ ಜಾಸ್ತಿ ಅಕ್ಕಿ ಆಯ್ದು ತಂದ ಅಂತ ಆಯ್ದಕ್ಕಿ ಲಕ್ಕಮ್ಮ ರೇಗಿದ್ದು 12ನೇ ಶತಮಾನದಲ್ಲಿ. ಒಂದು ಬಡ ಮನೆಯ ಒಂದು ದಿನದ ಅಕ್ಕಿಯ ಲೆಕ್ಕ ಅದು. ಇವತ್ತಿಗೂ ನಮ್ಮ ಬಾಯಲ್ಲಿದೆ. ಕಾಕಾ ಅವರಿಗೆ ಇದನ್ನು ಓದಿ ಹೇಳಿ.

ನಿಮಗೂ ಸ್ವಲ್ಪ ಬೈಯಬೇಕು. ಹನ್ನೆರಡೂ ಫೋಟೊ ನೋಡಿದೆ. ಒಂದಕ್ಕೂ ತಾರೀಖಿಲ್ಲ, ಹೆಸರಿಲ್ಲ. ಸಂಜೆ ಬಿಸಿಲು ಚೆಂದ ಬಂದಿದೆ, ಒಪ್ಪಿದೆ. ಬಿಸಿಲಿಗೇನು ನಮ್ಮೂರಲ್ಲಿ ಬರವೇ? ನೀಲಿ ಡ್ರಮ್ಮುಗಳು ಸಾಲಾಗಿ ನಿಂತಿವೆಯಲ್ಲ, ಎಷ್ಟು ದಿನಕ್ಕೊಮ್ಮೆ ನಳ ಬರುತ್ತದೆ, ರಾತ್ರಿ ಎದ್ದು ತುಂಬುವವರು ಯಾರು, ಕೇಳಿದಿರಾ?

ನೀವು ಕೇಳದಿದ್ದರೆ ಇನ್ಯಾರೂ ಕೇಳುವುದಿಲ್ಲ. ಹೋದ ವರ್ಷ ನಮ್ಮ ಓಣಿಯ ಮೂಲ ನಕ್ಷೆ ಬೇಕು ಅಂತ ಒಂದು ಕಚೇರಿಗೆ ಹೋಗಿದ್ದೆ. ಮೂರು ಸಲ ಅಲೆಸಿ, "ಗೆದ್ದಲು ತಿಂದಾವ್ರಿ ಸರ್" ಅಂದರು. ಹೆಸರು ಬದಲಿಸುವುದಕ್ಕೆ ಮಾತ್ರ ಯಾರೂ ಬೇಸರ ಪಡುವುದಿಲ್ಲ. 2014ರಲ್ಲಿ ಗುಲ್ಬರ್ಗ ಕಲಬುರಗಿ ಆಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕ ಆಯಿತು. ಬೋರ್ಡ್ ಬರೆಯುವವರಿಗೆ ಕೈತುಂಬ ಕೆಲಸ. ಬೆಂಗಳೂರಿನವರಿಗೆ ನಾವು ಕಾಣುವುದು ಮೇ ತಿಂಗಳಲ್ಲಿ: '43 ಡಿಗ್ರಿ' ಅಂತ ಒಂದು ಸುದ್ದಿ, ಛತ್ರಿ ಹಿಡಿದ ಹೆಣ್ಣುಮಗಳ ಒಂದು ಚಿತ್ರ. ಆ 43 ಡಿಗ್ರಿಯಲ್ಲಿ, ಕರೆಂಟ್ ಹೋದ ಮಧ್ಯಾಹ್ನ ಎರಡಕ್ಕೆ, ಎಲ್‌ಐಜಿ ಮನೆಯ ಐದು ಮಂದಿ ಯಾವ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಾರೆ ಅನ್ನುವುದು ಯಾವ ಪತ್ರಿಕೆಯಲ್ಲಿ ಬಂದಿದೆ?

ಆರನೇ ಫೋಟೊದಲ್ಲಿ ಒಬ್ಬರು ಅಜ್ಜಿ ಸ್ಟೂಲ್ ಮೇಲೆ ನಿಂತು ಕೂಲರಿಗೆ ನೀರು ಸುರಿಯುತ್ತಿದ್ದಾರಲ್ಲ, ಅದನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಅಜ್ಜಿ ಹೂಂ ಅಂದರೆ ಮಾತ್ರ. ಅವರ ಹೆಸರು, ಮನೆ ನಂಬರು, ದಿನಕ್ಕೆ ಎಷ್ಟು ಕೊಡ ಅಂತ ಕೇಳಿ ಬರೆದು ಕಳಿಸಿ. ಕಾಕಾ ಅವರಿಗೂ ಒಂದು ಪ್ರತಿ ಅಂಚೆಯಲ್ಲಿ ಬರುತ್ತದೆ.

– ಸಂಪಾದಕ