ಬೋಟಿನ ಬ್ಯಾಟರಿ ಚಾರ್ಜರ್ ಸುಟ್ಟಿದೆ, ಬದಲಿಗೆ 30 ಆಂಪಿಯರ್‌ದು ತರಬಹುದೇ?

ನಿಮ್ಮ ಪ್ರಶ್ನೆ ಇಷ್ಟು: ಕಾರವಾರದ ಬೈತಖೋಲದಲ್ಲಿ ನಿಲ್ಲುವ ಡೀಸೆಲ್ ಎಂಜಿನ್ನಿನ ಫೈಬರ್ ಬೋಟು, 12 ವೋಲ್ಟಿನ ವ್ಯವಸ್ಥೆ. ಎಂಜಿನ್ ಸ್ಟಾರ್ಟಿಗೆ 100 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಹಿಡಿಯುವ ಚಾರ್ಜಿನ ಅಳತೆ) ಬ್ಯಾಟರಿ. ಜಿಪಿಎಸ್, ಫಿಶ್ ಫೈಂಡರ್, ವೈರ್‌ಲೆಸ್, ದೀಪಗಳಿಗೆ 150 ಎಎಚ್ ಟ್ಯೂಬ್ಯುಲರ್ (ಕೊಳವೆಯಂಥ ಪ್ಲೇಟಿನ) ಬ್ಯಾಟರಿ. ಎರಡೂ ನೀರು ಹಾಕುವ ಬ್ಯಾಟರಿಗಳು. ಹಳೆಯ 10 ಆಂಪಿಯರ್ ಟ್ರಾನ್ಸ್‌ಫಾರ್ಮರ್ ಚಾರ್ಜರ್ ಸುಟ್ಟಿದೆ, ಅಂಗಡಿಯವರು 30ರದ್ದು ತಗೊಳ್ಳಿ ಅನ್ನುತ್ತಿದ್ದಾರೆ.

20 ಸಾಕು. ಆದರೆ ಅಂಗಡಿಯಲ್ಲಿ ಆಂಪಿಯರ್‌ಗಿಂತ ಮೊದಲು ವೋಲ್ಟೇಜ್ ಕೇಳಿ. ಬ್ಯಾಟರಿ ಹಾಳಾಗುವುದು ಹೆಚ್ಚಾಗಿ ಅಲ್ಲೇ. ಹಳೇ ಮಾದರಿಯ ಟ್ರಾನ್ಸ್‌ಫಾರ್ಮರ್ ಚಾರ್ಜರ್‌ಗೆ ಹಿಡಿತವೇ ಇಲ್ಲ. ಸಂಜೆ ಲೈನ್ ವೋಲ್ಟೇಜ್ ಇಳಿದರೆ ಚಾರ್ಜ್ ಸೊರಗುತ್ತದೆ, ನಡುರಾತ್ರಿ ಏರಿದರೆ ಬ್ಯಾಟರಿ 15 ವೋಲ್ಟ್ ದಾಟಿ ನೀರು ಕುದಿಯುತ್ತದೆ. ಬೆಳಿಗ್ಗೆ ಪ್ಲೇಟು ಒಣಗಿರುತ್ತದೆ, ಬೈಗುಳ ಮಾತ್ರ ಬ್ಯಾಟರಿ ಕಂಪನಿಗೆ.

ನಿಮಗೆ ಬೇಕಾದದ್ದು ಮೂರು ಹಂತದ ಚಾರ್ಜರ್. ಮೊದಲು ಪೂರ್ಣ ಕರೆಂಟು ಕೊಡಬೇಕು, ವೋಲ್ಟೇಜ್ 14.4ಕ್ಕೆ ಬಂದ ಮೇಲೆ ಅಲ್ಲೇ ನಿಂತು ಕರೆಂಟನ್ನು ತಾನಾಗಿ ಇಳಿಸಬೇಕು, ಕೊನೆಗೆ 13.5ರ ಆಸುಪಾಸಿನ, ತುಂಬಿದ ಬ್ಯಾಟರಿಯನ್ನು ಹಾಗೇ ಕಾಯುವ ಫ್ಲೋಟ್‌ಗೆ ಬರಬೇಕು. ಈ ಅಂಕಿಗಳು 25 ಡಿಗ್ರಿ ಉಷ್ಣತೆಯವು. ನಮ್ಮ ಕರಾವಳಿಯಲ್ಲಿ, ಅದರಲ್ಲೂ ಎಂಜಿನ್ ರೂಮಿನಲ್ಲಿ, 35 ಡಿಗ್ರಿ ಏನೂ ದೊಡ್ಡದಲ್ಲ. ಏರುವ ಪ್ರತಿ ಡಿಗ್ರಿಗೆ 12 ವೋಲ್ಟ್ ಬ್ಯಾಟರಿಗೆ 24 ಮಿಲಿವೋಲ್ಟಿನಷ್ಟು ಇಳಿಸಬೇಕು, ಅಂದರೆ 35 ಡಿಗ್ರಿಯಲ್ಲಿ 14.4ರ ಬದಲು ಸುಮಾರು 14.15. ಟೆಂಪರೇಚರ್ ಸೆನ್ಸರ್ ಇರುವ ಚಾರ್ಜರ್ ಇದನ್ನು ತಾನೇ ಮಾಡುತ್ತದೆ. ಸ್ವಲ್ಪ ಹೆಚ್ಚು ಹಣವಾದರೂ ಅದನ್ನೇ ತನ್ನಿ. ಸೆನ್ಸರನ್ನು ಬ್ಯಾಟರಿಗೇ ಅಂಟಿಸಬೇಕು, ಗೋಡೆಗಲ್ಲ.

ಆಂಪಿಯರ್ ಲೆಕ್ಕ ಸುಲಭ. ನೀರಿನ ಬ್ಯಾಟರಿಗೆ ಎಎಚ್‌ನ ಶೇ. 10ರಿಂದ 20 ಒಳ್ಳೆಯದು. 30 ಆಂಪಿಯರ್ ಚಾರ್ಜರ್ ಇಟ್ಟು, ಟ್ಯೂಬ್ಯುಲರ್ ಆಗಲೇ ತುಂಬಿದ್ದರೆ, ಅಷ್ಟೂ ಕರೆಂಟು ಆ 100 ಎಎಚ್‌ಗೆ ನುಗ್ಗಬಹುದು. 20ರದ್ದಾದರೆ ಆ ಭಯವಿಲ್ಲ. 150 ಎಎಚ್ ಅರ್ಧ ಖಾಲಿಯಾಗಿದ್ದರೂ 75 ಎಎಚ್ ತುಂಬಲು ನಾಲ್ಕು ಗಂಟೆ, ಮೇಲಿನ ನಿಧಾನದ ಹಂತಕ್ಕೆ ಇನ್ನು ಮೂರು-ನಾಲ್ಕು ಗಂಟೆ. ರಾತ್ರಿ ಹಚ್ಚಿದರೆ ಬೆಳಿಗ್ಗೆಗೆ ತಯಾರು.

ಎರಡು ಬ್ಯಾಟರಿಗೆ ಎರಡು ಪ್ರತ್ಯೇಕ ಔಟ್‌ಪುಟ್ ಇರುವುದನ್ನು ಕೇಳಿ. ವಯಸ್ಸೂ ಗಾತ್ರವೂ ಬೇರೆಯಾದ ಬ್ಯಾಟರಿಗಳನ್ನು ಒಂದೇ ಕ್ಲಿಪ್ಪಿಗೆ ಪ್ಯಾರಲಲ್ ಕಟ್ಟಿದರೆ ದುರ್ಬಲವಾದದ್ದು ಒಳ್ಳೆಯದನ್ನೂ ಎಳೆದು ಕೆಡಿಸುತ್ತದೆ. ಮುಂದೆ ಲಿಥಿಯಂಗೆ ಬದಲಾಯಿಸುವ ಯೋಚನೆ ಇದ್ದರೆ ಅದರ ಸೆಟ್ಟಿಂಗ್ ಇದೆಯೇ ಎಂದೂ ನೋಡಿ. ಕೆಲವು ಚಾರ್ಜರ್‌ಗಳಲ್ಲಿ ಹಳೇ ಬ್ಯಾಟರಿ ಚೇತರಿಸಲು 'ರೀಕಂಡಿಷನ್' ಎಂಬ ಬಟನ್ ಇರುತ್ತದೆ. ಅದು 15.5 ವೋಲ್ಟ್ ದಾಟಬಹುದು, ಒತ್ತುವ ಮುಂಚೆ ಜಿಪಿಎಸ್ ಮತ್ತು ವೈರ್‌ಲೆಸ್ ಕಳಚಿ.

ಇನ್ನು ಉಪ್ಪುಗಾಳಿ. ಫ್ಯಾನ್ ಇರುವ ಚಾರ್ಜರ್ ತರಬೇಡಿ. ಅದು ಉಪ್ಪನ್ನು ಒಳಗೆ ಎಳೆದು ಸರ್ಕಿಟ್ ಬೋರ್ಡಿನ ಮೇಲೆ ಹರಡುತ್ತದೆ. ಐಪಿ 65 ಅಥವಾ 67 (ಧೂಳು-ನೀರು ತಡೆಯುವ ದರ್ಜೆ) ಎಂದು ಬರೆದ ಸೀಲ್ಡ್ ಡಬ್ಬಿ ಬೇಕು. ಬ್ಯಾಟರಿಯ ನೇರ ಮೇಲೆ ಕೂರಿಸಬೇಡಿ, ಆಮ್ಲದ ಆವಿ ಅದನ್ನೇ ತಿನ್ನುತ್ತದೆ. ಸುತ್ತಲೂ ಗೇಣಷ್ಟು ಜಾಗ ಬಿಡಿ. ಇನ್‌ಪುಟ್ 170ರಿಂದ 265 ವೋಲ್ಟ್ ತಡೆಯುವುದಾದರೆ ಧಕ್ಕೆಯ (ಬೋಟು ನಿಲ್ಲುವ ಕಟ್ಟೆಯ) ಲೈನಿಗೆ ಸರಿಹೋಗುತ್ತದೆ.

ತಂತಿಯಲ್ಲಿ ಜಿಪುಣತನ ಮಾಡುವವರೇ ಹೆಚ್ಚು. ಚಾರ್ಜರಿನಿಂದ ಬ್ಯಾಟರಿಗೆ ಮೂರು ಮೀಟರ್ ಇದ್ದು 4 ಚದರ ಮಿ.ಮೀ. ತಂತಿ ಹಾಕಿದರೆ, 20 ಆಂಪಿಯರಿಗೆ ಹೋಗಿ ಬರುವ ದಾರಿಯಲ್ಲೇ ಅರ್ಧ ವೋಲ್ಟಿಗೂ ಹೆಚ್ಚು ಕಳೆದುಹೋಗುತ್ತದೆ. ಆಗ ಚಾರ್ಜರ್ 14.4 ಮುಟ್ಟಿತೆಂದು ಬೇಗ ಕರೆಂಟು ಇಳಿಸುತ್ತದೆ, ಬ್ಯಾಟರಿಗೆ ಇನ್ನೂ ಹಸಿವು. 10 ಚದರ ಮಿ.ಮೀ., ತವರ ಲೇಪಿಸಿದ ತಾಮ್ರದ್ದು ಹಾಕಿ. ಬರೀ ತಾಮ್ರ ಲಗ್ಗಿನ (ತಂತಿ ತುದಿಯ ಲೋಹದ ಕೊಂಡಿಯ) ಒಳಗೇ ಹಸಿರು ಕಿಲುಬು ಹಿಡಿಯುತ್ತದೆ. ಪಾಸಿಟಿವ್ ತಂತಿಗೆ 30 ಆಂಪಿಯರ್ ಫ್ಯೂಸ್, ಬ್ಯಾಟರಿ ತುದಿಯಲ್ಲಿ, ಒಂದು ಗೇಣಿನೊಳಗೆ. ತಂತಿ ಸವೆದು ಶಾರ್ಟ್ ಆದರೆ ನೂರಾರು ಆಂಪಿಯರ್ ಸುರಿಯುವುದು ಬ್ಯಾಟರಿ, ಚಾರ್ಜರ್ ಅಲ್ಲ.

ಧಕ್ಕೆಯಿಂದ ಎಳೆಯುವ ಕರೆಂಟಿಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್) ಕಡ್ಡಾಯ. ಅರ್ಥ್ ತಂತಿ ಕಟ್ ಮಾಡಿದರೆ ಪ್ರೊಪೆಲರ್ ತುಕ್ಕು ತಪ್ಪುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಪಕ್ಕದ ಬೋಟುಗಳ ಜೊತೆ ಅರ್ಥ್ ಹಂಚಿಕೊಂಡಾಗ ನಿಮ್ಮ ಸತು (ಪ್ರೊಪೆಲರ್ ಬದಲು ತಾನು ಸವೆಯಲೆಂದು ಹಾಕುವ ತುಂಡು) ಬೇಗ ಸವೆಯುವುದು ನಿಜ. ಅದಕ್ಕೆ ಮದ್ದು ಗ್ಯಾಲ್ವಾನಿಕ್ ಐಸೊಲೇಟರ್, ಅರ್ಥ್ ಉಳಿಸಿಕೊಂಡೇ ಸತು ತಿನ್ನುವ ಸಣ್ಣ ಕರೆಂಟನ್ನು ತಡೆಯುವ ಸಾಧನ. ಅರ್ಥ್ ಇಲ್ಲದ ಬೋಟಿನ ಲೋಹ ಮುಟ್ಟಿದವನ ಜೀವಕ್ಕೆ ಮದ್ದಿಲ್ಲ.

ಹಣ ಕೊಡುವ ಮುಂಚೆ ಒಂದು ಪರೀಕ್ಷೆ. ಬ್ಯಾಟರಿಗಳನ್ನು ಬೇರೆಡೆ ಪೂರ್ತಿ ಚಾರ್ಜ್ ಮಾಡಿಸಿ, ಒಂದು ರಾತ್ರಿ ಸುಮ್ಮನೆ ಬಿಟ್ಟು, ಹೈಡ್ರೋಮೀಟರಿನಲ್ಲಿ (ಆಮ್ಲದ ಸಾಂದ್ರತೆ ಅಳೆಯುವ ಕೊಳವೆ) ಆರೂ ಸೆಲ್ ನೋಡಿ. ಒಂದು ಸೆಲ್ ಮಾತ್ರ ಉಳಿದವಕ್ಕಿಂತ 50 ಪಾಯಿಂಟ್ ಕೆಳಗಿದ್ದರೆ, ಉದಾಹರಣೆಗೆ ಉಳಿದವು 1.250 ತೋರಿಸುವಾಗ ಅದು 1.200 ಆದರೆ, ಆ ಬ್ಯಾಟರಿ ಮುಗಿದಿದೆ. ಯಾವ ಚಾರ್ಜರೂ ಅದನ್ನು ಉಳಿಸದು.

ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ 61 ದಿನ ಬೋಟಿಗೆ ಲೈನ್ ಇಲ್ಲದಿದ್ದರೆ ಬ್ಯಾಟರಿಗಳನ್ನು ಮನೆಗೆ ತನ್ನಿ. ಎರಡು ವಾರಕ್ಕೊಮ್ಮೆ ಮಲ್ಟಿಮೀಟರ್ ಹಿಡಿಯಿರಿ, 12.4ಕ್ಕೆ ಇಳಿದಿದ್ದರೆ ಚಾರ್ಜಿಗೆ ಹಾಕಿ. ಮೊದಲು ಕ್ಲಿಪ್, ಆಮೇಲೆ ಪ್ಲಗ್. ತೆಗೆಯುವಾಗ ಮೊದಲು ಪ್ಲಗ್. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಕ್ಲಿಪ್ಪಿನ ಕಿಡಿ ಅಲ್ಲಿ ಹಾರಬಾರದು. ಮಳೆ ಎಂದು ಕಿಟಕಿ ಮುಚ್ಚಬೇಡಿ.