‘ಕಪ್ಪಗಿದ್ರೂ’ ಅನ್ನೋದ್ರಲ್ಲಿರೋ ಆ ‘ರೂ’

ಪ್ರಶ್ನೆ: ಮೇಡಂ, ಮಕ್ಕಳ ಪುಸ್ತಕ ಒಂದಕ್ಕೆ ವಿಮರ್ಶೆ ಬರೆದುಕೊಡಿ ಅಂತ ಫ್ರೆಂಡ್ ಕೇಳಿದಾರೆ, ನಾನು ಬರೀತಿರೋದು ಇದೇ ಮೊದಲು. ಕಥೆ ಇಷ್ಟೇ: ಒಬ್ಳು ಹುಡುಗಿನ ಕಪ್ಪು ಅಂತ ಕ್ಲಾಸಲ್ಲಿ ಎಲ್ರೂ ರೇಗಿಸ್ತಾರೆ, ಅವ್ಳು ಮುಖ ಉಜ್ಜಿ ಉಜ್ಜಿ ತೊಳೀತಾಳೆ, ಪೌಡರ್ ಬಳ್ಕೋತಾಳೆ, ಕೊನೆಗೆ ಹಾಡಿನ ಸ್ಪರ್ಧೇಲಿ ಫಸ್ಟ್ ಬಂದಾಗ ಎಲ್ರೂ ಫ್ರೆಂಡ್ಸ್ ಆಗ್ತಾರೆ. ಓದಿ ಮುಗಿಸಿದ ಮೇಲೆ ಏನೋ ಕಿರಿಕಿರಿ, ಯಾಕೆ ಅಂತ ಗೊತ್ತಾಗ್ತಿಲ್ಲ. ಒಳ್ಳೆ ಉದ್ದೇಶದ ಪುಸ್ತಕಾನ ಟೀಕೆ ಮಾಡ್ಬಹುದಾ? ನನ್ನ ಏಳು ವರ್ಷದ ಮಗಳೂ ಕಪ್ಪಗಿದಾಳೆ, ಅವಳ ವಿಷಯ ಬರೀಲಾ?

ಉತ್ತರ: ಧಾರಾಳವಾಗಿ ಟೀಕೆ ಮಾಡಿ. ಉದ್ದೇಶ ಒಳ್ಳೇದು ಅಂತ ಮಾರ್ಕ್ಸ್ ಕೊಡ್ತಾ ಹೋದ್ರೆ ಮಕ್ಕಳ ಪುಸ್ತಕದಲ್ಲಿ ಫೇಲ್ ಆಗೋರೇ ಇರಲ್ಲ.

ನಿಮ್ಮ ಕಿರಿಕಿರಿ ಎಲ್ಲಿಂದ ಅಂತ ನಂಗನ್ಸಿದ್ದು ಹೇಳ್ತೀನಿ. ಆ ಹುಡುಗಿಗೆ ಹಾಡೋಕೆ ಬರ್ದೇ ಇದ್ದಿದ್ರೆ ಏನಾಗ್ತಿತ್ತು? ‘ಕಪ್ಪಗಿದ್ರೂ ಲಕ್ಷಣವಾಗಿದಾಳೆ’ ಅಂತ ಹೊಗಳ್ತಾರಲ್ಲ ಜನ, ಹೊಗಳಿದೀವಿ ಅಂತಾನೇ ಅಂದ್ಕೊಂಡಿರ್ತಾರೆ ಪಾಪ, ಆದ್ರೆ ಅದ್ರಲ್ಲಿರೋ ‘ರೂ’ ಇದ್ಯಲ್ಲ, ಪೂರ್ತಿ ಬೈಗುಳ ಅಲ್ಲೇ ಕೂತಿರುತ್ತೆ. ನಿಮ್ಮ ಪುಸ್ತಕದ ಕಥೆ ಕೂಡ ‘ಕಪ್ಪಗಿದ್ರೂ ಚೆನ್ನಾಗಿ ಹಾಡ್ತಾಳೆ’ ಅಷ್ಟೇ. ಬಣ್ಣ ಒಂದು ಸಾಲ ಇದ್ದಂಗೆ, ಪ್ರೈಜ್ ಗೆದ್ದು ಅದನ್ನ ತೀರಿಸ್ಬೇಕು. ರೇಗಿಸಿದ ಮಕ್ಕಳು ಒಂದು ಸಾರಿನಾದ್ರೂ ಕ್ಷಮೆ ಕೇಳಿದ್ರಾ ಅಂತ ನೋಡಿ, ಕೇಳಿರಲ್ಲ ಅಂತ ನನ್ನ ಗುಮಾನಿ.

ಹೋಲಿಸಿ ನೋಡೋಕೆ ನಟಿ ಲುಪಿಟಾ ನ್ಯೊಂಗೊ 2019ರಲ್ಲಿ ಬರೆದ ‘ಸುಲ್ವೆ’ ಓದಿ. (ಸಿನಿಮಾದವರು ಬರೆದಿದ್ದು ಅಂತ ನಾನು ಮೊದ್ಲು ಮೂಗು ಮುರಿದಿದ್ದೆ, ಆಮೇಲೆ ತೆಪ್ಪಗಾದೆ.) ಅಲ್ಲೂ ಮನೇಲಿ ಎಲ್ರಿಗಿಂತ ಕಪ್ಪಗಿರೋ ಹುಡುಗಿನೇ, ಅವಳೂ ರಬ್ಬರ್ ತಗೊಂಡು ಮೈ ಬಣ್ಣ ಅಳ್ಸೋಕೆ ಹೋಗ್ತಾಳೆ, ಆದ್ರೆ ಕಥೆ ತಿರುಗೋದು ಸ್ಪರ್ಧೆಯಿಂದಲ್ಲ, ಅವಳು ಕೇಳೋ ಇನ್ನೊಂದು ಕಥೆಯಿಂದ. ಹಗಲು ರಾತ್ರಿ ಇಬ್ರೂ ಅಕ್ಕತಂಗಿಯರು, ಜನ ರಾತ್ರಿನ ಹೀಯಾಳಿಸ್ತಾರೆ, ಅವಳು ಬೇಜಾರಾಗಿ ಹೊರಟುಹೋಗ್ತಾಳೆ, ಬರೀ ಹಗಲೇ ಉಳ್ಕೊಂಡಾಗ ಎಲ್ರಿಗೂ ಸಾಕುಸಾಕಾಗುತ್ತೆ. ರಾತ್ರಿ ಏನೂ ಗೆಲ್ಲಲ್ಲ ನೋಡಿ, ಸುಮ್ನೆ ರಾತ್ರಿಯಾಗೇ ವಾಪಸ್ ಬರ್ತಾಳೆ, ತಪ್ಪು ಗೊತ್ತಾಗೋದು ಜನಕ್ಕೆ. ಇನ್ನೊಂದು ದಾರಿನೂ ಇದೆ, ಎಜ್ರಾ ಜ್ಯಾಕ್ ಕೀಟ್ಸ್ 1962ರಲ್ಲಿ ಮಾಡಿದ ಚಿತ್ರಪುಸ್ತಕ ‘ದಿ ಸ್ನೋಯಿ ಡೇ’. ಕಪ್ಪು ಹುಡುಗ ಒಬ್ಬ ಕೆಂಪು ಕೋಟು ಹಾಕ್ಕೊಂಡು ಹಿಮದಲ್ಲಿ ಆಡ್ತಾನೆ ಅಷ್ಟೇ, ಅವನ ಬಣ್ಣದ ಬಗ್ಗೆ ಒಂದು ಮಾತೂ ಇಲ್ಲ. ಕಪ್ಪು ಮಗು ಅಂದ್ರೆ ಅಳ್ತಾನೇ ಇರ್ಬೇಕಾ ಅಂತ ವಿಮರ್ಶೇಲಿ ಕೇಳೋ ಹಕ್ಕು ನಿಮಗಿದೆ.

ಚಿತ್ರ ಮರೀಬೇಡಿ. ಮೊದಲನೇ ಪುಟದ ಹುಡುಗಿನೂ ಕೊನೇ ಪುಟದ ಹುಡುಗಿನೂ ಪಕ್ಕಪಕ್ಕ ಇಟ್ಟು ನೋಡಿ, ಪ್ರೈಜ್ ಬಂದ ತಕ್ಷಣ ಎರಡು ಶೇಡ್ ತಿಳಿಯಾಗಿದ್ರೆ ಅದನ್ನ ಬರೀಲೇಬೇಕು. ಭಾಷೆನೂ ಅಷ್ಟೇ, ಬೇಜಾರಾದಾಗ ‘ಅವಳ ಮುಖ ಕಪ್ಪಿಟ್ಟಿತು’ ಅಂತ ಇಂಥ ಪುಸ್ತಕದಲ್ಲೇ ಬರೆದಿದ್ರೆ ಏನ್ ಹೇಳೋಣ.

ವಿಜ್ಞಾನ ತುರುಕಿದ್ರೆ ಸರಿಯಾಗಿದ್ಯಾ ನೋಡ್ಕೊಳ್ಳಿ. ಬಣ್ಣ ಮಾಡೋ ಮೆಲನೊಸೈಟ್ ಜೀವಕೋಶಗಳ ಸಂಖ್ಯೆ ಬೆಳ್ಳಗಿರೋರಿಗೂ ಕಪ್ಪಗಿರೋರಿಗೂ ಹೆಚ್ಚುಕಮ್ಮಿ ಒಂದೇ, ಅವು ಎಷ್ಟು, ಯಾವ ಥರದ ಮೆಲನಿನ್ (ಚರ್ಮಕ್ಕೆ ಬಣ್ಣ ಕೊಡೋ ವಸ್ತು) ಮಾಡ್ತವೆ, ಅದು ಚರ್ಮದಲ್ಲಿ ಹೆಂಗೆ ಹರಡುತ್ತೆ ಅನ್ನೋದ್ರಲ್ಲಿ ವ್ಯತ್ಯಾಸ. ಬಿಸಿಲಿನ ನೇರಳಾತೀತ ಕಿರಣನ ತಡೆಯೋದೂ ಅದೇ ಮೆಲನಿನ್ನು. ಉಜ್ಜಿದ್ರೆ ಹೋಗೋ ಕೊಳೆ ಅಲ್ಲ ಅಂತ ಪುಸ್ತಕ ಎಲ್ಲಾದ್ರೂ ಹೇಳುತ್ತಾ?

ಮಗಳ ವಿಷಯ. ಮೊದ್ಲು ಅವಳನ್ನೇ ಕೇಳಿ, ಬೇಡ ಅಂದ್ರೆ ಬೇಡ, ಒಪ್ಪಿದ್ರೂ ಹೆಸರು ಫೋಟೋ ಹಾಕ್ಬೇಡಿ. ಓದಿ ಹೇಳುವಾಗ ‘ನೀನೂ ಇವಳ ಥರನೇ ಅಲ್ವಾ ಪುಟ್ಟಾ’ ಅಂತ ಮಾತ್ರ ಅನ್ಬೇಡಿ, ಅವಳಿಗೆ ಅಲ್ಲೀವರೆಗೂ ಹಂಗೇನೂ ಅನ್ಸಿರ್ದೇ ಇರ್ಬಹುದು. ಸುಮ್ನೆ ಪಕ್ಕದಲ್ಲಿ ಕೂತ್ಕೊಳ್ಳಿ, ಯಾವ ಪುಟಕ್ಕೆ ನಕ್ಕಳು, ಯಾವ ಪುಟನ ಬೇಗ ತಿರುವಿದಳು ಅಂತ ಪೆನ್ಸಿಲ್ಲಲ್ಲಿ ಗುರುತು ಹಾಕ್ಕೊಳ್ಳಿ, ನಿಮ್ಮ ವಿಮರ್ಶೆ ಆ ಬೇಗ ತಿರುವಿದ ಪುಟದಿಂದನೇ ಶುರುವಾಗ್ಲಿ.